ಬೇರಿಗೂ ಉಸಿರು ಬೇಕು

ನಾನು ಓದಿದ ಕಾಲೇಜಿನ ಈ ಸಂಚಿಕೆಗೆ ಬರೆಯಲು ಕೂತಾಗ ಮೊದಲು ನೆನಪಾದದ್ದು ಸಸ್ಯಶಾಸ್ತ್ರದ ಲ್ಯಾಬಿನ ಮುಂದಿರುವ ದೊಡ್ಡ ಮರ. ಬೇರಿನ ಪಾಠವನ್ನು ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಮಾಡಲಿಲ್ಲ. ಆ ಮರದ ಕೆಳಗೆ ಕೂರಿಸಿ, ಚಿಕ್ಕ ಗುದ್ದಲಿಯಿಂದ ಮಣ್ಣನ್ನು ಮೆಲ್ಲಗೆ ಸರಿಸಿದರು. ಒಂದು ಗೇಣು ಆಳದಲ್ಲೇ ದಾರದಂಥ ಬೇರುಗಳು. "ಎಲ್ಲಾ ಪಾತಾಳಕ್ಕೆ ಹೋಗುತ್ತೆ ಅಂದ್ಕೊಂಡಿದ್ರಾ? ಜಾಸ್ತಿ ಬೇರು ಇಲ್ಲೇ ಮೇಲ್ಗಡೆ ಇರೋದು. ಇವಕ್ಕೂ ಉಸಿರು ಬೇಕು" ಎಂದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂತು.

ಮುಂದೆ ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆದೆ. ಸಾರ್ವಜನಿಕ ಉದ್ಯಾನಗಳ ವಿನ್ಯಾಸವೇ ನನ್ನ ಕೆಲಸ. ಹೂವಿನ ಬಣ್ಣ ಆರಿಸೋದು ತಾನೇ ಎಂದು ಕೇಳುವವರಿಗೆ ನಾನು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕತೆ ಹೇಳುತ್ತೇನೆ. ಅದರ ವಿನ್ಯಾಸಕ್ಕೆ ಸ್ಪರ್ಧೆ ನಡೆದಿತ್ತು. ಪಾರ್ಕಿನ ಅಡ್ಡಕ್ಕೆ ನಾಲ್ಕು ರಸ್ತೆ ಹಾಯಲೇಬೇಕು ಎಂಬ ಷರತ್ತೂ ಇತ್ತು. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್ ಆ ರಸ್ತೆಗಳನ್ನು ನೆಲಮಟ್ಟದಿಂದ ಕೆಳಗೆ ಇಳಿಸಿಬಿಟ್ಟರು. ಪಾರ್ಕಿನಲ್ಲಿ ನಡೆಯುವವರ ಕಣ್ಣಿಗೆ ಗಾಡಿಗಳೇ ಬೀಳುವುದಿಲ್ಲ. 1858ರಲ್ಲಿ ಆ ನಕ್ಷೆಯೇ ಗೆದ್ದಿತು. ಆಗಿನ್ನೂ ಕುದುರೆ ಗಾಡಿಗಳ ಕಾಲ. ಇವತ್ತು ಅದೇ ತಗ್ಗಿನ ರಸ್ತೆಗಳಲ್ಲಿ ಕಾರುಗಳು ಓಡುತ್ತಿವೆ. ಎಂಥ ಮುಂದಾಲೋಚನೆ ಅಲ್ವಾ?

ನನಗೆ ಮೊದಲಿಗೆ ಆ ಮುಂದಾಲೋಚನೆ ಇರಲಿಲ್ಲ. ನನ್ನ ಮೊದಲ ದೊಡ್ಡ ಉದ್ಯಾನದ ನಡುವೆ ಒಂದು ಹಳೆಯ ಮರವಿತ್ತು. ಅದನ್ನು ಕಡಿಸದೆ ಉಳಿಸಿದೆ ಎಂದು ಹೆಮ್ಮೆಪಟ್ಟೆ. ಆದರೆ ಸುತ್ತಲಿನ ನೆಲ ತಗ್ಗು ಎಂದು ಎರಡಡಿ ಮಣ್ಣು ತುಂಬಿಸಿದೆ. ರೋಲರ್ ಓಡಿಸಿ ಗಟ್ಟಿ ಮಾಡಿಸಿದೆ. ಬುಡಕ್ಕೆ ಚಂದದ ಕಲ್ಲಿನ ಕಟ್ಟೆಯೂ ಆಯಿತು. ಉದ್ಘಾಟನೆಯ ದಿನ ಮರ ಹಸಿರಾಗಿಯೇ ಇತ್ತು. ಮೂರನೇ ವರ್ಷ ತುದಿಯಿಂದ ಒಣಗುತ್ತಾ ಬಂತು. ಆಮೇಲೆ ಒಮ್ಮೆಯೂ ಚಿಗುರಲಿಲ್ಲ. ಯಾರೂ ನನ್ನನ್ನು ದೂರಲಿಲ್ಲ, ಮರಕ್ಕೆ ವಯಸ್ಸಾಗಿತ್ತು ಎಂದರು. ಬುಡದ ಮಣ್ಣನ್ನು ಅಗೆಸಿ ನೋಡಿದೆ. ಮೇಷ್ಟ್ರು ತೋರಿಸಿದ್ದ ಅಂಥದೇ ಸಣ್ಣ ಬೇರುಗಳು ಎರಡಡಿ ಕೆಳಗೆ ಕಪ್ಪಾಗಿ ಕೊಳೆತಿದ್ದವು. ಪೂರ್ತಿ ಅಂಕ ಪಡೆದಿದ್ದ ಉತ್ತರ ಅದು.

ಅಂದಿನಿಂದ ಕೆಲಸದ ಕ್ರಮವೇ ಬದಲಾಯಿತು. ಮೊದಲು ಮರಗಳಿಗೆ ಬೇಲಿ, ಆಮೇಲೆ ನಕ್ಷೆ. ಬೇಲಿಯೂ ಬುಡಕ್ಕಲ್ಲ, ಕೊಂಬೆಗಳು ಚಾಚಿರುವಷ್ಟು ದೂರಕ್ಕೆ. ಬೇರು ಅದಕ್ಕಿಂತಲೂ ಆಚೆ ಹೋಗಿರುತ್ತದೆ, ಆದರೆ ಕನಿಷ್ಠ ಅಷ್ಟಾದರೂ ಬಿಡಬೇಕು. ಅದರೊಳಗೆ ಲಾರಿ ಬರಬಾರದು, ಜಲ್ಲಿ ಸುರಿಯಬಾರದು. ದಾರಿ ಅಡ್ಡ ಬಂದರೆ ದಾರಿಯೇ ಬಳಸಿಕೊಂಡು ಹೋಗಲಿ. ಇದಕ್ಕಾಗಿ ಗುತ್ತಿಗೆದಾರರ ಜೊತೆ ಎಷ್ಟೋ ಸಲ ಜಗಳವಾಗಿದೆ. ಆಗಲಿ ಬಿಡಿ.

ಕಳೆದ ಬಾರಿ ಕಾಲೇಜಿಗೆ ಬಂದಾಗ ಲ್ಯಾಬಿನ ಮುಂದಿನ ಮರವನ್ನು ನೋಡಿದೆ. ಬುಡಕ್ಕೆ ಅಂಟಿಕೊಂಡಂತೆ ಸುತ್ತಲೂ ಸಿಮೆಂಟ್ ಹಾಕಿದ್ದಾರೆ. ತುದಿಯ ಒಂದೆರಡು ಕೊಂಬೆ ಆಗಲೇ ಬೋಳಾಗಿವೆ. ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ ಇಷ್ಟೇ: ಈ ಬೇಸಿಗೆ ರಜೆಯಲ್ಲೇ ಅದನ್ನು ಒಡೆಸಿ. ಬೇರಿಗೆ ಪೆಟ್ಟಾಗದಂತೆ ಮೆಲ್ಲಗೆ ತೆಗೆಯಬೇಕು. ಹೇಳಿ ಕಳಿಸಿದರೆ ನಾನೇ ಬಂದು ನಿಲ್ಲುತ್ತೇನೆ.