ಕೆಂಪು ಡಬ್ಬಿ, ನೀಲಿ ಡಬ್ಬಿ, ಮಧ್ಯದಲ್ಲಿ ಅರ್ಧ ಮಿಲಿಮೀಟರ್

ಆಲ್ದೂರು ಕಡೆ ಮಳೆ ಹಿಡ್ಕೊಂಡ್ರೆ ಗೊತ್ತಲ್ಲ, ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಯುಪಿಎಸ್ ಮೇಲೆ ಟಿವಿ ಓಡಿಸ್ಕೊಂಡು ಡಿಸ್ಕ್ ಹಾಕಿ ಸಿನಿಮಾ ನೋಡೋದೇ ನಮ್ಮನೇಲಿ ಮಳೆಗಾಲದ ಪದ್ಧತಿ. ಮೊನ್ನೆ ಬೂಷ್ಟು ಹಿಡೀಬಾರ್ದು ಅಂತ ಬೀರುನಲ್ಲಿದ್ದ ಡಿಸ್ಕೆಲ್ಲಾ ತೆಗೆದು ಒರೆಸ್ತಾ ಇದ್ದೆ, ಬ್ಲೂ-ರೇ ಡಿಸ್ಕುಗಳ ನೀಲಿ ಡಬ್ಬಿಗಳ ಮಧ್ಯೆ ಒಂದೇ ಒಂದು ಕೆಂಪು ಡಬ್ಬಿ ಸಿಕ್ತು. ಎಚ್‌ಡಿ ಡಿವಿಡಿ, ಅಂದ್ರೆ ಮಾಮೂಲಿ ಡಿವಿಡಿ ಆದ್ಮೇಲೆ ಇನ್ನೂ ಸ್ಪಷ್ಟ ಚಿತ್ರಕ್ಕೆ ಅಂತ ಬ್ಲೂ-ರೇ ಜೊತೆ ಪೈಪೋಟಿಗೆ ಇಳಿದಿದ್ದ ಡಿಸ್ಕ್. 2008ರಲ್ಲಿ ಚಿಕ್ಕಪ್ಪನ ಮಗ ಅಮೆರಿಕದಿಂದ ಬಂದಾಗ ಕೊಟ್ಟಿದ್ದು.

ಮಗಳು ಕೇಳಿದ್ಲು, ಇದೂ ಬ್ಲೂ-ರೇ ಥರಾನೇ ಇದ್ಯಲ್ಲಪ್ಪ, ಮತ್ತೆ ನಮ್ಮ ಪ್ಲೇಯರಲ್ಲಿ ಯಾಕೆ ಓಡಲ್ಲ ಅಂತ. ಒಳ್ಳೇ ಪ್ರಶ್ನೆ. ಎರಡೂ 12 ಸೆಂಟಿಮೀಟರ್ ಅಗಲ, ಎರಡಕ್ಕೂ 405 ನ್ಯಾನೋಮೀಟರ್ ನೀಲಿ-ನೇರಳೆ ಲೇಸರ್ರೇ, ಚಿತ್ರಾನ ಕುಗ್ಗಿಸಿ ತುಂಬೋ ವಿಧಾನಗಳು (ವಿಡಿಯೋ ಕೋಡೆಕ್) ಕೂಡ ಅವೇ. ವ್ಯತ್ಯಾಸ ಇರೋದು ಡೇಟಾ ಎಷ್ಟು ಆಳದಲ್ಲಿ ಕೂತಿದೆ ಅನ್ನೋದ್ರಲ್ಲಿ. ಬ್ಲೂ-ರೇಲಿ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ, ಎಚ್‌ಡಿ ಡಿವಿಡಿಲಿ ಹಳೇ ಡಿವಿಡಿ ಥರಾನೇ 0.6. ಲೇಸರ್ ಚುಕ್ಕಿ ಸಣ್ಣದಾಗ್ಬೇಕು ಅಂದ್ರೆ ಲೆನ್ಸ್ ಕಿರಣಗಳನ್ನ ಜಾಸ್ತಿ ಓರೆಯಾಗಿ ತಂದು ಸೇರಿಸ್ಬೇಕು, ಆಗ ಡಿಸ್ಕ್ ಒಂಚೂರು ವಾಲಿದ್ರೂ ಚುಕ್ಕಿ ಕದಡಿಹೋಗತ್ತೆ, ಅದಕ್ಕೇ ಬ್ಲೂ-ರೇಯವ್ರು ಮೇಲಿನ ಪದರಾನ ಅಷ್ಟು ತೆಳ್ಳಗೆ ಮಾಡ್ಲೇಬೇಕಾಯ್ತು. ಅದ್ರಿಂದ ಒಂದು ಪದರದಲ್ಲಿ 25 ಜಿಬಿ ಹಿಡೀತು, ಎಚ್‌ಡಿ ಡಿವಿಡಿಲಿ 15. ಆದ್ರೆ ತೆಳು ಪದರಕ್ಕೆ ಗೀರು ಬಿದ್ರೆ ಕಷ್ಟ, ಮೊದಮೊದಲು ರೆಕಾರ್ಡ್ ಮಾಡೋ ಬ್ಲೂ-ರೇನ ಪ್ಲಾಸ್ಟಿಕ್ ಕವಚದೊಳಗೇ ಇಡ್ತಿದ್ರು, ಆಮೇಲೆ ಗಟ್ಟಿ ಲೇಪನ ಬಂದು ಕವಚ ಹೋಯ್ತು.

ಎಚ್‌ಡಿ ಡಿವಿಡಿ ಮಾಡಿದವ್ರದ್ದೂ ದಡ್ಡತನ ಏನಲ್ಲ. ಆಳ ಅದೇ ಇದ್ದಿದ್ರಿಂದ ಡಿವಿಡಿ ಮಾಡೋ ಮಷೀನುಗಳನ್ನೇ ಸ್ವಲ್ಪ ಬದಲಾಯಿಸ್ಕೊಂಡು ಇದನ್ನೂ ಅಚ್ಚು ಹಾಕಬಹುದಿತ್ತು, ಒಂದು ಕಡೆ ಎಚ್‌ಡಿ ಇನ್ನೊಂದು ಕಡೆ ಮಾಮೂಲಿ ಡಿವಿಡಿ ಇರೋ ಕಾಂಬೋ ಡಿಸ್ಕೂ ಬಂತು. ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಅದಕ್ಕೆ ರೀಜನ್ ಬೀಗ ಇರ್ಲಿಲ್ಲ ಅನ್ನೋದು, ದುಡ್ಡು ಕೊಟ್ಟು ತಗೊಂಡ ಡಿಸ್ಕ್ ಯಾವ ದೇಶದಲ್ಲಾದ್ರೂ ಓಡ್ಬೇಕಪ್ಪ. ಬ್ಲೂ-ರೇಲಿ ಎ, ಬಿ, ಸಿ ಅಂತ ಭಾಗ ಮಾಡಿ ನಮ್ಮನ್ನ ಸಿ ಗೆ ಹಾಕಿದಾರೆ, ಅಮೆರಿಕದ ಬೀಗ ಹಾಕಿದ ಡಿಸ್ಕ್ ತಂದ್ರೆ ಇಲ್ಲಿನ ಪ್ಲೇಯರ್ ಮುಟ್ಟೋದೇ ಇಲ್ಲ, ಇದು ನಂಗೆ ಈಗ್ಲೂ ಸರಿ ಅನ್ಸಲ್ಲ.

ಆದ್ರೂ ಗೆದ್ದಿದ್ದು ಬ್ಲೂ-ರೇ. 2006ರ ಕೊನೇಲಿ ಬಂದ ಪ್ಲೇಸ್ಟೇಷನ್ 3 ಒಳಗೇ ಬ್ಲೂ-ರೇ ಡ್ರೈವ್ ಇತ್ತು, ಗೇಮ್‌ಗೆ ಅಂತ ತಗೊಂಡವ್ರ ಮನೇಲೆಲ್ಲಾ ಪ್ಲೇಯರ್ ಬಂದು ಕೂತಂಗಾಯ್ತು. 2008ರ ಜನವರಿ 4ಕ್ಕೆ ಸಿನಿಮಾ ಕಂಪನಿ ವಾರ್ನರ್ ಬ್ಲೂ-ರೇ ಕಡೆ ಹೋಯ್ತು, ಫೆಬ್ರವರಿ 19ಕ್ಕೆ ಎಚ್‌ಡಿ ಡಿವಿಡಿ ಹಿಂದಿದ್ದ ತೋಶಿಬಾ ಕಂಪನಿ ಅದನ್ನ ನಿಲ್ಲಿಸ್ತೀವಿ ಅಂತು.

ನನ್ನ ಕೆಂಪು ಡಬ್ಬೀಲಿರೋದೂ ಕಾಂಬೋ ಡಿಸ್ಕೇ. ನಿನ್ನೆ ರಾತ್ರಿ ಹಳೇ ಡಿವಿಡಿ ಪ್ಲೇಯರ್ ಹೊರಗೆ ತೆಗೆದು, ಅದು ಯಾವ ರೀಜನ್ ಆದ್ರೂ ಓದತ್ತೆ, ಡಿವಿಡಿ ಕಡೆ ಹಾಕಿ ಎಲ್ಲರೂ ಕೂತು ನೋಡಿದ್ವಿ, ಒಂದು ಸಲಾನೂ ತಡವರಿಸ್ಲಿಲ್ಲ. ಎಚ್‌ಡಿ ಕಡೆ ಚಿತ್ರ ಹೆಂಗಿದೆ ಅಂತ ಮಾತ್ರ ಇಷ್ಟು ವರ್ಷದಲ್ಲಿ ಒಂದ್ಸಲಾನೂ ನೋಡಿಲ್ಲ. ಚಿಕ್ಕಮಗಳೂರು, ಹಾಸನ, ಬೇಲೂರು ಕಡೆ ಯಾರ ಹತ್ರಾದ್ರೂ ಓಡೋ ಸ್ಥಿತೀಲಿರೋ ಎಚ್‌ಡಿ ಡಿವಿಡಿ ಪ್ಲೇಯರ್ ಇದ್ರೆ ಹೇಳಿ, ಮಳೆ ಬಿಟ್ಮೇಲೆ ಡಿಸ್ಕ್ ತಗೊಂಡು ನಾನೇ ಬರ್ತೀನಿ.