ಅಮ್ಮನಿಗೊಂದು ದಾರಿ, ನದಿಗೊಂದಿಷ್ಟು ಜಾಗ

ಸಭೆ ಸಂಜೆ ಐದಕ್ಕೆ ಅಂತ ನೋಟಿಸಿನಲ್ಲಿತ್ತು. ನಾನು ನಾಲ್ಕೂವರೆಗೇ ಹೋಗಿ ಕೂತಿದ್ದೆ. ನದಿ ದಂಡೆಯುದ್ದಕ್ಕೂ ನಡಿಗೆ ದಾರಿ ಮಾಡುವ ವಿಷಯ ಅವತ್ತು ಚರ್ಚೆಗೆ ಬರುವುದಿತ್ತು. ನನಗೆ ಆ ದಾರಿ ಬೇಕೇ ಬೇಕಿತ್ತು. ಅಮ್ಮನಿಗೆ ಮಂಡಿ ನೋವು, ವಾಕರ್ ಹಿಡಿದೇ ನಡೆಯುತ್ತಾಳೆ. ದಂಡೆಯಲ್ಲಿ ಈಗಿರುವ ಕಾಲುದಾರಿಯ ತುಂಬ ಕಲ್ಲು, ಬೇರು, ಗುಂಡಿ. ಹಾಗಾಗಿ ನಾವಿಬ್ಬರೂ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಕೆಳಗೆ ನೋಡಿ ವಾಪಸ್ ಬರುತ್ತೇವೆ.

ಎಂಜಿನಿಯರ್ ನಕ್ಷೆ ತೋರಿಸಿದರು. ನೀರಿನ ಅಂಚಿನಲ್ಲೇ ಕೆಂಪು ಗೆರೆ. ದಾರಿ 3 ಮೀಟರ್ ಅಗಲ, ನಡೆಯುವವರೂ ಸೈಕಲ್‌ನವರೂ ಒಟ್ಟಿಗೆ ಹೋಗಬಹುದು. 20 ಮೀಟರ್ ಉದ್ದಕ್ಕೆ 1 ಮೀಟರಿಗಿಂತ ಜಾಸ್ತಿ ಏರು ಇರುವುದಿಲ್ಲ, ಗಾಲಿಕುರ್ಚಿಯವರಿಗೂ ಆಗುತ್ತದೆ ಅಂದರು. ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ದಡಕ್ಕೆ ಕಾಂಕ್ರೀಟ್ ಗೋಡೆ, ಉದ್ದಕ್ಕೂ ದೀಪ. ಕೊನೆಗೆ ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್ಯೆಚಾನ್ ತೊರೆಯ ಚಿತ್ರ ಹಾಕಿದರು. ಮೇಲಿದ್ದ ಹೆದ್ದಾರಿಯನ್ನೇ ಕಿತ್ತು, 2005ರಲ್ಲಿ ಜನರಿಗೆ ಬಿಟ್ಟುಕೊಟ್ಟ ಜಾಗ ಅದು. ಚಿತ್ರ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆಮೇಲೆ ಸಾರ್ವಜನಿಕರ ಸರದಿ. ಒಬ್ಬೊಬ್ಬರಿಗೆ ಮೂರು ನಿಮಿಷ.

ಮೊದಲು ಎದ್ದವರು ಎದುರು ದಡದಲ್ಲಿ ಹೊಲ ಇರುವ ಹಿರಿಯರು. ‘ಈ ನಕ್ಷೆ ಬರೆದವರು ಮಳೆಗಾಲದಲ್ಲಿ ಬಂದು ನೋಡಿದ್ದಾರಾ?’ ಅಂತಲೇ ಶುರು ಮಾಡಿದರು. ‘ತಿರುವಿನಲ್ಲಿ ನದಿ ಹೊರಮಗ್ಗುಲನ್ನು ಕೊರೆಯುತ್ತೆ, ಒಳಮಗ್ಗುಲಲ್ಲಿ ಮರಳು ಬಿಡುತ್ತೆ. ನೀವು ಆ ಹೊರಮಗ್ಗುಲಿಗೇ ಗೋಡೆ ಕಟ್ತೀರಿ. ಕೊರೆಯೋ ನೀರು ಸುಮ್ನೆ ಇರಲ್ಲ. ಕೆಳಗೆ ನಮ್ಮ ದಡಕ್ಕೆ ಬಂದು ಹೊಡೆಯುತ್ತೆ.’ ನಾನು ಇಷ್ಟು ವರ್ಷ ನದಿ ನೋಡಿದ್ದೇನೆ, ಆದರೆ ಸೇತುವೆಯ ಮೇಲಿನಿಂದ. ಅವರು ಮಾತಾಡುತ್ತಿದ್ದದ್ದು ಕಾಲಡಿಯ ಮಣ್ಣು ಜಾರಿದ್ದನ್ನು ಕಂಡವರ ಮಾತು.

ದಂಡೆಯ ಮನೆಗಳವರು ಕಳ್ಳತನ, ಗಲಾಟೆ, ಹಿತ್ತಿಲಿಗೆ ಇಣುಕುವವರು ಅಂತೆಲ್ಲ ಹೇಳಿದರು. ಬೇಲಿ, ಗಿಡ ಹಾಕಿ ಪರಿಹರಿಸಬಹುದಾದ ಚಿಂತೆಗಳು ಅಂತ ನನಗನಿಸಿತು. ಹಕ್ಕಿಗಳನ್ನು ಗಮನಿಸುವ ಹುಡುಗಿಯೊಬ್ಬಳ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಮಿಂಚುಳ್ಳಿ ಕಡಿದಾದ ಮಣ್ಣಿನ ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಕಾಂಕ್ರೀಟಿನಲ್ಲಿ ಎಲ್ಲಿ ತೋಡಬೇಕು? ನೀರಿನಿಂದ ಮೇಲೆದ್ದ ಹುಳಗಳು ರಾತ್ರಿ ದೀಪಕ್ಕೆ ಸುತ್ತಿ ಅಲ್ಲೇ ಸಾಯುತ್ತವೆ. ಅವನ್ನೇ ನಂಬಿದ ಮೀನು, ಬಾವಲಿಗಳ ಗತಿ? ಸೋಲ್‌ನ ತೊರೆಗೆ ನೀರನ್ನು ಪಂಪ್ ಮಾಡಿ ಹರಿಸುತ್ತಾರೆ, ನಮ್ಮದು ತಾನಾಗಿ ಹರಿಯುವ ನದಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಅಂದಳು. ಜರ್ಮನಿಯ ಮ್ಯೂನಿಕ್ ನಗರದವರು 2000ರಿಂದ 2011ರವರೆಗೆ ಇಸಾರ್ ನದಿಯ ಸುಮಾರು 8 ಕಿಲೋಮೀಟರ್ ಉದ್ದಕ್ಕೆ ದಡಕ್ಕೆ ಹಾಕಿದ್ದ ಹಳೆಯ ಕಟ್ಟು ತೆಗೆದು, ನದಿಗೆ ಅಗಲ ಬಿಟ್ಟುಕೊಟ್ಟರಂತೆ. ಈಗ ಜನ ಅಲ್ಲಿ ಜಲ್ಲಿ ದಂಡೆಯ ಮೇಲೆ ಕೂರುತ್ತಾರೆ, ಈಜುತ್ತಾರೆ.

ನನ್ನ ಹೆಸರು ಕೂಗಿದರು. ಬರೆದುಕೊಂಡು ಹೋಗಿದ್ದ ಹಾಳೆ ಮಡಚಿಟ್ಟೆ. ನನ್ನಮ್ಮನಿಗೆ ಈ ದಾರಿ ಬೇಕು ಅಂದೆ. ಸಮತಟ್ಟು ಬೇಕು, ಗಟ್ಟಿ ನೆಲ ಬೇಕು. ಆದರೆ ಅದು ನೀರಿನ ಅಂಚಿನಲ್ಲೇ ಇರಬೇಕಾಗಿಲ್ಲ. ದಾರಿಯನ್ನು ಮರಗಳ ಹಿಂದಕ್ಕೆ ತನ್ನಿ, ದಡ ಗಟ್ಟಿಯಿರುವ ಎರಡು ಮೂರು ಕಡೆ ಮಾತ್ರ ನೀರಿನ ಹತ್ತಿರ ಬರಲಿ. ಉಳಿದ ದಡ ನದಿಯದ್ದೇ ಆಗಿರಲಿ. ನೆಲಕ್ಕೆ ಕಾಂಕ್ರೀಟೇ ಬೇಕು ಅಂತಿಲ್ಲ. ಕಲ್ಲುಪುಡಿ ಹಾಕಿ ರೋಲರ್ ಹೊಡೆದು ಗಟ್ಟಿ ಮಾಡಿದರೆ ಗಾಲಿ ಹೂತುಹೋಗುವುದಿಲ್ಲ. ಮೂರು ನಿಮಿಷ ಮುಗಿಯಿತು.

ಕೂತ ಮೇಲೆ ಪಕ್ಕದವರು ಕೇಳಿದರು, ‘ನೀವು ನಮ್ಮ ಕಡೆಯವರಲ್ವಾ?’ ದಾರಿಗಾಗಿ ಸಹಿ ಸಂಗ್ರಹಿಸುವಾಗ ನನ್ನ ಜೊತೆ ಮನೆ ಮನೆ ತಿರುಗಿದವರು. ಆ ಮಾತು ತುಂಬ ನೋಯಿಸಿತು. ದಾರಿ ಬೇಡ ಅಂತ ನಾನು ಹೇಳಿರಲೇ ಇಲ್ಲ.

ಸಭೆ ಮುಗಿಯುವ ಹೊತ್ತಿಗೆ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿತು. ‘ಪ್ರತಿ ಪ್ರವಾಹ ಇಳಿದ ಮೇಲೆ ದಾರಿಯ ಕೆಸರು ಬಳಿಯೋರು ಯಾರು? ಅದರ ದುಡ್ಡು ಎಲ್ಲಿಟ್ಟಿದ್ದೀರಿ?’ ಯಾರೂ ಉತ್ತರ ಕೊಡಲಿಲ್ಲ. ಕಟ್ಟುವುದಕ್ಕೆ ಒಂದು ಸಲ ಹಣ ಹೊಂದಿಸಿದರೆ ಆಯಿತು. ಕೆಸರು ವರ್ಷ ವರ್ಷ ಬರುತ್ತದೆ. ಅದೇ ಕೆಸರಿನಲ್ಲಿ ಅಮ್ಮನ ವಾಕರ್ ಜಾರಿದರೆ ಆ ದಾರಿ ಇದ್ದೂ ನಮಗೆ ಇಲ್ಲದ ಹಾಗೆ.

ತೀರ್ಮಾನ ಒಂದು ತಿಂಗಳು ಮುಂದೆ ಹೋಯಿತು. ಅದಕ್ಕೂ ಮುಂಚೆ ಎಲ್ಲರೂ ದಂಡೆಯ ಮೇಲೆ ಒಟ್ಟಿಗೆ ನಡೆದು, ಗೂಟ ಹೊಡೆದು ಗೆರೆ ನೋಡಬೇಕು ಅಂತ ಆಯಿತು. ಹೊರಗೆ ಬರುವಾಗ ಆ ಹಿರಿಯರನ್ನು ತಡೆದು, ನೀರು ಎಲ್ಲಿವರೆಗೆ ಏರುತ್ತೆ ಅಂತ ನೀವೇ ಬಂದು ತೋರಿಸಬೇಕು ಅಂತ ಕೇಳಿಕೊಂಡೆ. ಬರ್ತೀನಿ ಅಂದರು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. ‘ದಾರಿ ಆಗುತ್ತಾ?’

‘ಆಗಬಹುದು. ನೀರಿಂದ ಸ್ವಲ್ಪ ದೂರ.’

‘ನೀರು ಕಾಣುತ್ತಾ?’

‘ಎರಡು ಮೂರು ಕಡೆ.’

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ‘ಹಾಗಾದ್ರೆ ಅಲ್ಲೆಲ್ಲ ಬೆಂಚು ಹಾಕೋಕೆ ಹೇಳು. ಬರೀ ಹಲಗೆ ಬೇಡ, ಎರಡೂ ಕಡೆ ಕೈ ಊರೋಕೆ ಹಿಡಿ ಇರಬೇಕು. ಇಲ್ಲಾಂದ್ರೆ ಕೂತವಳು ಏಳೋಕಾಗಲ್ಲ.’

ರಾತ್ರಿ ಅದನ್ನೇ ಮನವಿಯಾಗಿ ಬರೆದು, ಅಮ್ಮನ ಸಹಿ ಹಾಕಿಸಿದೆ.