ಪತ್ತು, ರೊಕ್ಕ, ಆಸ್ತಿ: ನಮ್ಮ ಆಟದ ಮನೆನಿಯಮಗಳು ಎಲ್ಲಿಯವರೆಗೆ ಬಂದಿವೆ

ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಪ್ರತಿ ತಿಂಗಳ ಎರಡನೆಯ ರವಿವಾರ ಸೇರುವ ನಮ್ಮ ಗುಂಪು ಜನವರಿಯಿಂದ ‘ಕಾಲ್ ಆಫ್ ಕ್ತುಲ್ಹು’ ಎಂಬ, ಭಯದ ಕಥೆಗಳ ಪಾತ್ರಾಭಿನಯದ ಆಟದ ಏಳನೆಯ ಆವೃತ್ತಿಯನ್ನು ಆಡುತ್ತಿದೆ. ಅದರ ಹಣದ ನಿಯಮಗಳು ನಮ್ಮ ಕಥೆಗೆ ಹೊಂದದಿದ್ದಾಗ ನಾವೇ ಮಾಡಿಕೊಂಡ ಬದಲಾವಣೆಗಳನ್ನು, ಅಂದರೆ ಮನೆನಿಯಮಗಳನ್ನು, ಇಲ್ಲಿ ಬರೆದಿದ್ದೇನೆ. ಕಥೆ ನಡೆಸುವ ಕೀಪರ್ ನಾನು. ಉಳಿದ ಐವರು ಶೋಧಕರು, ಅಂದರೆ ಕಥೆಯ ರಹಸ್ಯದ ಬೆನ್ನು ಹತ್ತುವ ಪಾತ್ರಗಳನ್ನು ಆಡುವವರು. ಆಟದ ಮೂಲ ಕಾಲ 1920ರ ದಶಕದ ಅಮೆರಿಕವಾದರೂ ನಾವು ಕಾಲವನ್ನಷ್ಟೇ ಉಳಿಸಿಕೊಂಡು ನೆಲವನ್ನು ಬದಲಿಸಿದ್ದೇವೆ. ನಮ್ಮ ಕಥೆ 1928ರಲ್ಲಿ, ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳ ಬಹುಭಾಗವನ್ನೂ ಒಳಗೊಂಡು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹಳೆಯ ಧಾರವಾಡ ಜಿಲ್ಲೆಯಲ್ಲಿ, ಅಣ್ಣಿಗೇರಿಯ ಸಮೀಪ ನಾವೇ ಕಲ್ಪಿಸಿಕೊಂಡ ಒಂದು ಹಳ್ಳಿಯಲ್ಲಿ ನಡೆಯುತ್ತದೆ. ಒಬ್ಬ ರೈತ, ಒಬ್ಬ ಕಂಬಾರ, ಹುಬ್ಬಳ್ಳಿಯ ಅಡತಿ ಅಂಗಡಿಯೊಂದರ ಗುಮಾಸ್ತ, ಹೆಣ್ಣುಮಕ್ಕಳ ಶಾಲೆಯ ಅಕ್ಕೋರು, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್: ಈ ಐವರೂ ಅದೇ ಹಳ್ಳಿಯಲ್ಲಿ ಹುಟ್ಟಿದವರು.

ಈ ಆಟದಲ್ಲಿ ಹಣದ ವಿಷಯವೆಲ್ಲ ‘ಕ್ರೆಡಿಟ್ ರೇಟಿಂಗ್’ ಎಂಬ ಒಂದೇ ಅಂಕಿಯ ಮೇಲೆ ನಿಂತಿದೆ. ಸೊನ್ನೆಯಿಂದ 99ರವರೆಗಿನ ಆ ಅಂಕಿಯಿಂದಲೇ ಪಾತ್ರದ ಕೈಯಲ್ಲಿರುವ ಹಣ, ಆಸ್ತಿ, ದಿನಕ್ಕೆ ಲೆಕ್ಕವಿಡದೆ ಖರ್ಚು ಮಾಡಬಹುದಾದ ಮೊತ್ತ ಮತ್ತು ಸಮಾಜದಲ್ಲಿನ ಸ್ಥಾನ ನಾಲ್ಕೂ ನಿರ್ಧಾರವಾಗುತ್ತವೆ. ಪ್ರತಿ ಉದ್ಯೋಗಕ್ಕೂ ಒಂದು ಮಿತಿಯಿದೆ: ರೈತನಿಗೆ 9ರಿಂದ 30, ವೈದ್ಯನಿಗೆ 30ರಿಂದ 80. ಹೆಚ್ಚಿನ ಕೌಶಲಗಳು ಬಳಸಿದಂತೆ ಬೆಳೆಯುತ್ತವೆ, ಇದು ಹಾಗೆ ಬೆಳೆಯುವುದಿಲ್ಲ. ಆಟವನ್ನು ವೇಗವಾಗಿ ನಡೆಸಲು ಇದು ಬಹಳ ಜಾಣತನದ ಏರ್ಪಾಡು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೊದಲ ಮೂರು ಕೂಟಗಳಲ್ಲಿ ಇದನ್ನೇ ಬಳಸಿದೆವು. ಡಾಲರಿನ ಲೆಕ್ಕವನ್ನು ರೂಪಾಯಿಗೆ ತರಲು 1927ರಲ್ಲಿ ನಿಗದಿಯಾದ ದರವನ್ನು, ಅಂದರೆ ಒಂದು ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ಸ್ ಎಂಬುದನ್ನು ಹಿಡಿದು, ಒಂದು ಡಾಲರಿಗೆ ಸುಮಾರು ಎರಡು ರೂಪಾಯಿ ಹನ್ನೆರಡಾಣೆ ಎಂದು ಬರೆದಿಟ್ಟುಕೊಂಡಿದ್ದೆ.

ನಾಲ್ಕನೆಯ ಕೂಟದಲ್ಲಿ ಈ ಲೆಕ್ಕ ಮುರಿದುಬಿತ್ತು. ರೈತನ ಕ್ರೆಡಿಟ್ ರೇಟಿಂಗ್ 24. ನಿಯಮದ ಪ್ರಕಾರ ಅದರ ಎರಡು ಪಟ್ಟು, ಅಂದರೆ 48 ಡಾಲರ್ ಅವನ ಕೈಯಲ್ಲಿರುತ್ತದೆ. ನಮ್ಮ ಲೆಕ್ಕಕ್ಕೆ 132 ರೂಪಾಯಿ. ದಿನಕ್ಕೆ ಹತ್ತು ಡಾಲರ್, ಅಂದರೆ ಇಪ್ಪತ್ತೇಳೂವರೆ ರೂಪಾಯಿಯನ್ನು ಅವನು ಲೆಕ್ಕವಿಡದೆ ಖರ್ಚು ಮಾಡಬಹುದು. ಕೂಲಿಯನ್ನು ಆಣೆಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ! ಆ ಪಾತ್ರವನ್ನು ಆಡುವವರು ಶಾಲೆಯ ಮಾಸ್ತರರು, ನವಲಗುಂದ ತಾಲೂಕಿನ ಒಕ್ಕಲುತನದ ಮನೆಯಿಂದ ಬಂದವರು. ಅವರು ಪೆನ್ಸಿಲನ್ನು ಕೆಳಗಿಟ್ಟು, “ಶ್ರಾವಣದಾಗ ರೈತನ ಕಿಸೆದಾಗ ನೂರಾಮೂವತ್ತೆರಡು ರೂಪಾಯಿ ಎಲ್ಲಿಂದ ಬರತಾವ್ರಿ? ಪಂಚಮಿಗೆ ತಂಗೀನ ಕರ್ಕೊಂಡು ಬರಾಕ ಅವಾ ಉದ್ರಿ ತರತಿರತಾನ” ಎಂದರು. ಆ ಮಾತಿನಲ್ಲಿ ಈ ಯೋಜನೆಯ ಪೂರ್ತಿ ಸಮಸ್ಯೆ ಅಡಗಿತ್ತು, ಆದರೆ ಅದನ್ನು ಅರ್ಥಮಾಡಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು.

ಮೊದಲು ನಾನು ದರವೇ ತಪ್ಪೆಂದು ಭಾವಿಸಿ ಒಂದು ಡಾಲರಿಗೆ ನಾಲ್ಕಾಣೆಯಂತೆ ಇಳಿಸಿದೆ. ಎಲ್ಲರೂ ಏಕಪ್ರಕಾರವಾಗಿ ಬಡವರಾದರೇ ಹೊರತು ರೈತನಿಗೂ ಗುಮಾಸ್ತನಿಗೂ ಇರುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಎದುರು ದಿಕ್ಕಿಗೆ ಹೋಗಿ, ಪ್ರತಿಯೊಬ್ಬರಿಗೂ ಒಂದೊಂದು ಕಿರ್ದಿ ಪುಸ್ತಕ ಕೊಟ್ಟು, ರೂಪಾಯಿ, ಆಣೆ, ಪೈ ಎಂದು ಮೂರು ಅಂಕಣ ಹಾಕಿಸಿದೆ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗೆ ನಮ್ಮ ಹಿರಿಯರು ಇದನ್ನು ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು, ನಮಗೆ ಅದು ಸಾಧ್ಯವಾಗಲಿಲ್ಲ. ಮೂರು ತಾಸಿನ ಕೂಟದಲ್ಲಿ ಮುಕ್ಕಾಲು ತಾಸು ಕೂಡಿಸುವುದು ಕಳೆಯುವುದರಲ್ಲೇ ಹೋಯಿತು. ಪಾಳು ಗುಡಿಯ ನೆಲಮಾಳಿಗೆಗೆ ಇಳಿಯಬೇಕಾಗಿದ್ದ ಶೋಧಕರು ಚಿಮಣಿ ಎಣ್ಣೆಯ ಬೆಲೆಯ ಮುಂದೆಯೇ ನಿಂತುಬಿಟ್ಟರು.

ಬೇರೆ ಆಟಗಳು ಏನು ಮಾಡಿವೆಯೆಂದೂ ನೋಡಿದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿ ಜೀವನಮಟ್ಟಕ್ಕೆ ದಿನದ ಖರ್ಚನ್ನು ಕಟ್ಟುತ್ತದೆ: ಸಾಧಾರಣ ಬದುಕಿಗೆ ಒಂದು ಚಿನ್ನದ ನಾಣ್ಯ, ಅನುಕೂಲಸ್ಥ ಬದುಕಿಗೆ ಎರಡು. ಊರೂರು ಅಲೆಯುವ ಸಾಹಸಿಗೆ ಇದು ಸರಿಹೊಂದುತ್ತದೆ, ಮಳೆ ಬೆಳೆಗಳಿಗೆ ಕಟ್ಟುಬಿದ್ದವನಿಗೆ ಹೊಂದುವುದಿಲ್ಲ. 2002ರ ‘ಡಿ20 ಮಾಡರ್ನ್’ ಹಣವನ್ನು ಎಣಿಸುವುದನ್ನೇ ಬಿಟ್ಟು ‘ಸಂಪತ್ತಿನ ಬೋನಸ್’ ಎಂಬುದನ್ನು ಇಟ್ಟುಕೊಂಡಿದೆ. ಮಟ್ಟಕ್ಕಿಂತ ದುಬಾರಿಯಾದುದನ್ನು ಕೊಂಡರೆ ಬೋನಸ್ ಇಳಿಯುತ್ತದೆ. ಎಣಿಸದೆಯೂ ಕೊರತೆಯನ್ನು ಅನುಭವಕ್ಕೆ ತರಬಹುದೆಂಬುದನ್ನು ನಾನು ಕಲಿತದ್ದು ಇದರಿಂದ.

ಜುಲೈ ಕೂಟಕ್ಕೆ ಮುಂಚೆ ಆ ಒಂದೇ ಅಂಕಿಯನ್ನು ಮೂರಾಗಿ ಒಡೆದೆ. ‘ರೊಕ್ಕ’ ಎಂದರೆ ಪಾತ್ರದ ಹಾಳೆಯ ಮೇಲಿನ ಐದು ಚೌಕಗಳು. ಒಂದು ಚೌಕವೆಂದರೆ ಮನೆಯವರ ಗಮನಕ್ಕೆ ಬರುವಂಥ ಒಂದು ಖರ್ಚು, ಉದಾಹರಣೆಗೆ ಇಬ್ಬರು ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಉಂಡು ತಿರುಗಿ ಬರುವುದು. ಎಲೆ ಅಡಿಕೆ, ಚಹಾ ಇವುಗಳಿಗೆ ಲೆಕ್ಕವಿಲ್ಲ. ‘ಆಸ್ತಿ’ಗೆ ಅಂಕಿಯನ್ನೇ ಕೊಡದೆ ಮಾತಿನಲ್ಲಿ ಬರೆಯುತ್ತೇವೆ: ಎರಡು ಕೂರಿಗೆ ಎರೆಹೊಲ, ಒಂದು ಜೋಡಿ ಎತ್ತು, ಚಕ್ಕಡಿ, ಒಂದು ಹಗೇವು (ಕಾಳು ಕೂಡಿಡುವ ನೆಲದೊಳಗಿನ ಕುಣಿ) ಜೋಳ. ಮೂರನೆಯದು ‘ಪತ್ತು’, ಅಂದರೆ ಉದ್ರಿ ಕೊಡುವವರು ಒಬ್ಬನ ಮೇಲೆ ಇಡುವ ನಂಬಿಕೆ. ಪತ್ತಿನ ಸಂಘ ಎನ್ನುವಾಗ ನಾವು ಬಳಸುವ ಅದೇ ಪದವಿದು. ಇದು ಮಾತ್ರ ಮೂಲ ಆಟದಂತೆ ನೂರರ ಲೆಕ್ಕದ ಅಂಕಿಯಾಗಿ ಉಳಿದಿದೆ, ಮತ್ತು ಪಾತ್ರ ರಚಿಸುವಾಗ ಉದ್ಯೋಗದ ಅಂಕಗಳಿಂದಲೇ ಇದನ್ನು ಕೊಳ್ಳಬೇಕು.

ಈ ಮೂರೂ ಒಬ್ಬನಲ್ಲಿ ಒಟ್ಟಿಗೆ ಇರುವುದು ಅಪರೂಪ ಎಂಬುದೇ ನಾನು ಹೇಳಬೇಕಾದ ಮುಖ್ಯ ಸಂಗತಿ. ರೈತನಿಗೆ ಆಸ್ತಿಯಿದೆ, ಪತ್ತಿದೆ, ರೊಕ್ಕವಿಲ್ಲ. ಹಮಾಲನಿಗೆ ಸಂಜೆಗೆ ರೊಕ್ಕವಿದೆ, ಉಳಿದೆರಡೂ ಇಲ್ಲ. ಗುಮಾಸ್ತನಿಗೆ ತಿಂಗಳ ಪಗಾರವಿದೆ, ಜೊತೆಗೆ ಧಣಿಯ ಪತ್ತು ಅವನ ಕೈಯಲ್ಲಿ ಎರವಲಾಗಿ ಇರುತ್ತದೆ. ಆದ್ದರಿಂದ ಉದ್ಯೋಗವೆಂಬುದು ಎಷ್ಟು ಹಣವಿದೆ ಎನ್ನುವುದನ್ನು ಮಾತ್ರ ಹೇಳುವ ಬದಲು, ಹಣ ಯಾವಾಗ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ, ಯಾರಿಗೆ ಕಟ್ಟುಬೀಳಿಸುತ್ತದೆ ಎಂಬುದನ್ನು ಹೇಳುವಂತೆ ಪ್ರತಿಯೊಂದನ್ನೂ ಹೊಸದಾಗಿ ಬರೆದೆ. ಗುಮಾಸ್ತ, ಅಕ್ಕೋರು, ಫಿಟ್ಟರ್ ಮೂವರಿಗೂ ತಿಂಗಳ ಮೊದಲಿಗೆ ಎರಡು ಚೌಕ ತುಂಬುತ್ತವೆ. ರೈತನಿಗೆ ಜೋಳದ ಸುಗ್ಗಿಯಿಂದ ಹತ್ತಿ ಬಿಡಿಸುವವರೆಗಿನ ಅವಧಿಯಲ್ಲಿ ಐದೂ ತುಂಬುತ್ತವೆ, ಆಮೇಲೆ ಇಡೀ ವರ್ಷ ತುಂಬುವುದಿಲ್ಲ.

ಕಂಬಾರನ ನಿಯಮ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿದೆ. ಅವನು ಆಯಗಾರ. ಕುಳ, ಕುಡುಗೋಲುಗಳನ್ನು ವರ್ಷವಿಡೀ ಹಣಿದುಕೊಡುತ್ತಾನೆ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರುತ್ತಾನೆ. ಹಾಗಾಗಿ ಅವನ ಮನೆಯ ಊಟಕ್ಕೆ ಆಟದಲ್ಲಿ ಎಂದೂ ದಾಳ ಉರುಳಿಸಬೇಕಾಗಿಲ್ಲ, ರೊಕ್ಕದ ಚೌಕಗಳು ಮಾತ್ರ ಬಹುಪಾಲು ಖಾಲಿಯೇ. ಬದಲಿಗೆ ಅವನು ಬಿತ್ತನೆಯ ಹೊತ್ತಿನಲ್ಲಿ ಊರು ಬಿಟ್ಟು ಹೋದರೆ ಪ್ರತಿ ವಾರಕ್ಕೂ ಆರು ಮುಖದ ದಾಳ ಹಾಕಿ, ಬಂದಷ್ಟು ಪತ್ತನ್ನು ಕಳೆಯಬೇಕು. ದೆವ್ವದ ಬೆನ್ನು ಹತ್ತಿ ಗದಗಿಗೆ ಹೊರಟ ಕಂಬಾರ, ಬಿತ್ತುವ ಕೂರಿಗೆ ಮುರಿದುಕೊಂಡು ಬಾಗಿಲಲ್ಲಿ ನಿಂತ ರೈತನಿಗೆ ಏನು ಹೇಳಬೇಕು? ಆಗಸ್ಟ್ ಕೂಟದಲ್ಲಿ ಈ ಒಂದು ಪ್ರಶ್ನೆಯ ಮೇಲೆ ಅರ್ಧ ತಾಸು ಆಡಿದೆವು, ಮತ್ತು ಆ ಅರ್ಧ ತಾಸು ಕಿರ್ದಿ ಪುಸ್ತಕದ ಮುಕ್ಕಾಲು ತಾಸಿನಂತೆ ಭಾರವೆನಿಸಲಿಲ್ಲ.

ಉದ್ರಿ ಕೇಳುವಾಗ ಪತ್ತಿನ ದಾಳ ಉರುಳಿಸಬೇಕು: ನೂರರ ದಾಳದಲ್ಲಿ ಬಂದದ್ದು ಬೇಕಾದ ಅಂಕಿಯನ್ನು ಮೀರದಿದ್ದರೆ ಗೆಲುವು. ಮೂಲ ಆಟದಲ್ಲಿ ಸಾಧಾರಣ, ಕಠಿಣ, ಅತಿಕಠಿಣ ಎಂಬ ಮೂರು ಮಟ್ಟಗಳಿಗೆ ಕೌಶಲದ ಪೂರ್ಣ, ಅರ್ಧ, ಐದನೆಯ ಒಂದು ಭಾಗ ಎಂಬ ಅಳತೆಯಿದೆ. ಅದನ್ನು ನಾನು ಊರಿಗೆ ಹೊಂದಿಸಿದೆ. ನಲವತ್ತು ಪತ್ತಿರುವ ರೈತನಿಗೆ ತನ್ನ ಊರಿನಲ್ಲಿ ನಲವತ್ತು, ಅಣ್ಣಿಗೇರಿಯ ಸಂತೆಯಲ್ಲಿ ಇಪ್ಪತ್ತು, ಮುಖ ಪರಿಚಯವಿಲ್ಲದ ಹಾವೇರಿಯ ಯಾಲಕ್ಕಿ ವ್ಯಾಪಾರಿಯ ಮುಂದೆ ಎಂಟು. ಗುಮಾಸ್ತ ಮಾತ್ರ ಧಣಿಯ ಚೀಟಿ ತೋರಿಸಿ ಎಲ್ಲಿ ಬೇಕಾದರೂ ಪೂರ್ಣ ಪತ್ತಿನಿಂದ ಕೇಳಬಹುದು, ಆದರೆ ಪಡೆದದ್ದೆಲ್ಲ ಧಣಿಯ ಖಾತೆಯಲ್ಲಿ ಕಾಣಿಸುತ್ತದೆ. ದಾಳ ಸೋತವನು ಮತ್ತೊಮ್ಮೆ ಪ್ರಯತ್ನಿಸಬೇಕೆಂದರೆ ಜಾಮೀನುದಾರನನ್ನು ಕರೆತರಬೇಕು. ಎರಡನೆಯ ಸಲವೂ ಸೋತರೆ ಇಬ್ಬರ ಪತ್ತೂ ಇಳಿಯುತ್ತದೆ. ಗೆಳೆಯನಿಂದ ಪಡೆಯುವ ಕೈಗಡಕ್ಕೆ ದಾಳವೂ ಇಲ್ಲ, ಬಡ್ಡಿಯೂ ಇಲ್ಲ. ಅದನ್ನು ಆಟಗಾರರು ತಮ್ಮ ತಮ್ಮಲ್ಲೇ ಮಾತಾಡಿ ತೀರಿಸಿಕೊಳ್ಳಬೇಕು.

ಇಲ್ಲಿ ಒಂದು ವಿಷಯವನ್ನು ಗುಂಪಿನಲ್ಲಿ ಗಂಭೀರವಾಗಿ ಚರ್ಚಿಸಬೇಕಾಯಿತು. ಆ ಕಾಲದಲ್ಲಿ ಯಾರಿಗೆ ಉದ್ರಿ ಸಿಗುತ್ತಿತ್ತು, ಯಾರನ್ನು ಕಟ್ಟೆಯ ಕೆಳಗೇ ನಿಲ್ಲಿಸುತ್ತಿದ್ದರು ಎಂಬುದರಲ್ಲಿ ಜಾತಿಯ ಪಾತ್ರವಿತ್ತು. ಅದನ್ನು ಅಳಿಸಿಹಾಕಿದರೆ ಸುಳ್ಳಾಗುತ್ತದೆ, ಪಾತ್ರದ ಹಾಳೆಯ ಮೇಲೆ ಅಂಕಿಯಾಗಿ ಬರೆದರೆ ನಾವೇ ಆ ಅಳತೆಯನ್ನು ಒಪ್ಪಿದಂತಾಗುತ್ತದೆ. ಕಡೆಗೆ ಅದನ್ನು ಅಂಗಡಿಯ ಗುಣವಾಗಿ ಬರೆಯಲು ನಿರ್ಧರಿಸಿದೆವು. ಯಾವ ಅಂಗಡಿಕಾರ ಯಾರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ನನ್ನ ಟಿಪ್ಪಣಿಯಲ್ಲಿರುತ್ತದೆ, ಯಾವ ಆಟಗಾರನ ಹಾಳೆಯಲ್ಲೂ ಇರುವುದಿಲ್ಲ. ದೋಷ ಯಾರದೋ ಅವರ ಹೆಸರಿನ ಮುಂದೆಯೇ ಅದು ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಆಟದ ವರ್ಷಕ್ಕೆ ಮೂರು ಗಂಟುಗಳನ್ನು ಹಾಕಿದ್ದೇನೆ. ನಾಗರಪಂಚಮಿಗೆ ಎಲ್ಲರೂ ಒಂದು ಚೌಕ ಕಳೆಯಬೇಕು, ಇಲ್ಲವೇ ಉದ್ರಿ ತರಬೇಕು. ತವರಿಗೆ ಬಂದ ಹೆಣ್ಣುಮಕ್ಕಳಿಗೆ ಉಂಡಿ ಕಟ್ಟದ ಮನೆಯ ಪತ್ತು ಇಳಿಯುತ್ತದೆ. ದೀಪಾವಳಿಯ ಪಾಡ್ಯಕ್ಕೆ ವ್ಯಾಪಾರಿಗಳು ಹಳೆಯ ಖಾತೆ ಮುಚ್ಚಿ ಹೊಸದನ್ನು ತೆರೆಯುತ್ತಾರೆ. ಯುಗಾದಿಗೆ ಲಾವಣಿ (ಗೇಣಿ) ಹೊಲಗಳ ಮಾತುಕತೆ ಹೊಸದಾಗುತ್ತದೆ. ಈ ಪಟ್ಟಿಯನ್ನು ಬರೆಯುವಾಗ ನಾನು ಮೊದಲು ಗಮನಿಸದಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಎರೆಹೊಲದ ರೈತ ಹಿಂಗಾರಿ ಜೋಳ ಬಿತ್ತಿ ಕೈ ಬರಿದು ಮಾಡಿಕೊಂಡು ಕೂತಿರುವಾಗಲೇ ಅಂಗಡಿಯವನು ಲೆಕ್ಕ ಚುಕ್ತಾ ಮಾಡಲು ಕರೆಯುತ್ತಾನೆ, ಬೆಳೆ ಬರುವುದು ಅದಾದ ಎರಡು ಮೂರು ತಿಂಗಳ ಮೇಲೆ. ಬಡ್ಡಿಯ ನಿಯಮವನ್ನು ನಾನು ಬೇರೆಯಾಗಿ ಬರೆಯಬೇಕಾಗಲೇ ಇಲ್ಲ, ಆ ಎರಡು ಮೂರು ತಿಂಗಳೇ ಅದನ್ನು ಬರೆಸಿತು. ಆ ನಡುವೆ ಹಗೇವು ತೆರೆದು ಜೋಳ ಮಾರಬಹುದು, ಮೂರು ಚೌಕ ತುಂಬುತ್ತವೆ. ಆದರೆ ಅಕಾಲದಲ್ಲಿ ಹಗೇವು ತೆರೆದ ಸುದ್ದಿ ಊರಿಗೆಲ್ಲ ಮುಟ್ಟಿ, ಹತ್ತು ಮುಖದ ದಾಳದಲ್ಲಿ ಬಂದಷ್ಟು ಪತ್ತು ಹೋಗುತ್ತದೆ. ಹಗೇವಿನ ಒಳಗಿನ ಕೆಟ್ಟ ಗಾಳಿ ಹೊರಹೋಗುವ ಮುಂಚೆ ಇಳಿದವನು ಉಸಿರುಗಟ್ಟಿ ಬೀಳುತ್ತಾನೆ ಎಂಬುದು ಭಯದ ಕಥೆಗೆ ತಾನಾಗಿಯೇ ಒದಗಿದ ಸಾಮಗ್ರಿ.

ಸಪ್ಟೆಂಬರ್ ಕೂಟದಲ್ಲಿ ಸಹಕಾರಿ ಸಂಘವನ್ನು ಪರೀಕ್ಷಿಸಿದೆವು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರೆಂಬುದು ನಮ್ಮ ಭಾಗದವರಿಗೆ ಗೊತ್ತಿರುವ ಹೆಮ್ಮೆಯ ಸಂಗತಿ. ನಮ್ಮ ಆಟದ 1928ರ ಹೊತ್ತಿಗೆ ಸಮೀಪದ ಹಳ್ಳಿಗೂ ಅಂಥದೊಂದು ಸಂಘ ಬಂದಿದೆಯೆಂದು ಕಲ್ಪಿಸುವುದು ಕಷ್ಟವಾಗಲಿಲ್ಲ. 1904ರ ಕಾಯ್ದೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇಟ್ಟಿರಲಿಲ್ಲ: ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯಸ್ಥರು. ಇದನ್ನೇ ನಿಯಮವಾಗಿಸಿದೆ. ಐವರೂ ಸದಸ್ಯರಾದರೆ ಸಾವಕಾರನಿಗಿಂತ ಕಡಿಮೆ ಬಡ್ಡಿಗೆ, ಗುಂಪಿನಲ್ಲಿ ಅತಿ ಹೆಚ್ಚು ಪತ್ತಿರುವವರ ಅಂಕಿಯಿಂದ ಸಾಲ ಕೇಳಬಹುದು. ಒಬ್ಬರು ತೀರಿಸದಿದ್ದರೆ ಉಳಿದವರ ಚೌಕಗಳಿಂದ ಕಳೆಯಬೇಕು.

ಎಲ್ಲರೂ ಉತ್ಸಾಹದಿಂದ ಸೇರಿದರು. ಫಿಟ್ಟರ್ ಮೂರು ಚೌಕ ಸಾಲ ಪಡೆದು ಒಳ್ಳೆಯ ಬ್ಯಾಟರಿ ಮತ್ತು ಹಗ್ಗ ಕೊಂಡ. ಅದೇ ರಾತ್ರಿ ನೆಲಮಾಳಿಗೆಯಲ್ಲಿ ಅವನು ಸತ್ತ. ಈ ಆಟದಲ್ಲಿ ಸಾವು ಅಪರೂಪವಲ್ಲ. ಸಾಮಾನ್ಯವಾಗಿ ಆಟಗಾರರು ಒಂದು ಕ್ಷಣ ಮೌನವಾಗಿದ್ದು ಹೊಸ ಹಾಳೆ ತೆಗೆಯುತ್ತಾರೆ. ಈ ಸಲ ಹಾಗಾಗಲಿಲ್ಲ. ಮೂರು ಚೌಕ ಸಾಲ ನಾಲ್ವರ ಮೇಲೆ ಉಳಿದಿತ್ತು. ಅಕ್ಕೋರು ತಮ್ಮ ಎರಡೂ ಚೌಕ ಕೊಟ್ಟರು, ಗುಮಾಸ್ತ ಒಂದು ಕೊಟ್ಟ. ಕೊಡಲು ಏನೂ ಇಲ್ಲದ ಕಂಬಾರ, ಸತ್ತವನ ಮನೆಯ ಕೆಲಸವನ್ನು ಮುಂದಿನ ಸುಗ್ಗಿಯವರೆಗೆ ಆಯ ತೆಗೆದುಕೊಳ್ಳದೆ ಮಾಡಿಕೊಡುವುದಾಗಿ ಹೇಳಿದ. ಅಂಥ ನಿಯಮವನ್ನು ನಾನು ಬರೆದಿರಲಿಲ್ಲ. ಆ ಕೂಡಲೇ ಬರೆದುಕೊಂಡೆ: ಮಾತು ಕೊಟ್ಟು ನಡೆಸಿದವನ ಪತ್ತು ಸುಗ್ಗಿಯಲ್ಲಿ ಐದು ಏರುತ್ತದೆ. ಪತ್ತು ಏರುವುದಕ್ಕೆ ನಮ್ಮ ನಿಯಮಗಳಲ್ಲಿ ಈಗಿರುವ ದಾರಿ ಇದೊಂದೇ.

ಫಿಟ್ಟರನನ್ನು ಆಡುತ್ತಿದ್ದ ಗೆಳೆಯ ಈಗ ಹುಬ್ಬಳ್ಳಿಯ ಹತ್ತಿ ಪೇಟೆಯ ಹಮಾಲನನ್ನು ರಚಿಸಿದ್ದಾನೆ. ಪತ್ತು ಆರು. ದುಡಿದ ದಿನ ಒಂದು ಚೌಕ ತುಂಬುತ್ತದೆ, ಎರಡಕ್ಕಿಂತ ಹೆಚ್ಚು ಎಂದೂ ನಿಲ್ಲುವುದಿಲ್ಲ. ಉಳಿದ ಕೆಲಸದಲ್ಲಿ ನನಗೆ ಬಗೆಹರಿಯದಿರುವುದು ಅಕ್ಕೋರ ಬಂಗಾರ. ಅವರ ಹಾಳೆಯ ಆಸ್ತಿಯಲ್ಲಿ ನಾಲ್ಕು ಬಳೆ, ಒಂದು ಸರ ಎಂದಿದೆ. ಒತ್ತೆಯಿಟ್ಟರೆ ಪತ್ತಿನ ದಾಳವಿಲ್ಲದೆ ರೊಕ್ಕ ಸಿಗಬೇಕೆಂದು ನಾನು ಬರೆದಿದ್ದೆ. ಆ ಪಾತ್ರವನ್ನು ಆಡುವವರು ಒಪ್ಪಲಿಲ್ಲ. ಬರಿಗೈಯಲ್ಲಿ ಶಾಲೆಗೆ ಹೋದ ಅಕ್ಕೋರನ್ನು ಊರು ಮರುದಿನವೇ ಗುರುತಿಸುತ್ತದೆ, ಹಗೇವಿನಂತೆ ಇಲ್ಲಿಯೂ ಪತ್ತು ಇಳಿಯಬೇಕು ಎಂಬುದು ಅವರ ವಾದ. ಬಂಗಾರವನ್ನು ಅಣ್ಣಿಗೇರಿಯ ಬದಲು ಹುಬ್ಬಳ್ಳಿಯಲ್ಲಿ ಒತ್ತೆಯಿಟ್ಟರೂ ಬರಿದಾದ ಕೈ ಊರಿನಲ್ಲೇ ಕಾಣುತ್ತದೆಯಲ್ಲವೇ ಎಂದೂ ಕೇಳಿದರು. ಅಕ್ಟೋಬರ್ ಕೂಟ ಆಟದ ದೀಪಾವಳಿ ಪಾಡ್ಯಕ್ಕೆ ಬಂದು ನಿಲ್ಲಲಿದೆ, ಅಕ್ಕೋರ ಚೌಕಗಳು ಖಾಲಿಯಿವೆ, ಅಂಗಡಿಯಲ್ಲಿ ಅವರ ಹೆಸರಿಗೆ ಪಂಚಮಿಯ ಉದ್ರಿ ಉಳಿದಿದೆ. ಎರಡೂ ರೀತಿಯ ನಿಯಮವನ್ನು ಬರೆದಿಟ್ಟುಕೊಂಡಿದ್ದೇನೆ. ಅಂದು ಮೊದಲು ಅವರು ಹೇಳಿದ್ದನ್ನೇ ಆಡಿ ನೋಡುತ್ತೇವೆ.